ಎರಡು ಬಿಳಿ ವಯರು

ನೀರು ಮೊಣಕಾಲಿಗಿಂತ ಒಂದು ಗೇಣು ಕೆಳಗಿದೆ. ಗಾಂಧಿ ಮಾರ್ಕೆಟ್ಟಿನ ಎದುರು ರಸ್ತೆ ಎಲ್ಲಿ ಮುಗಿಯಿತು, ಗಟಾರ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಕಾಲೇ ತಡವಿ ತಿಳಿಯಬೇಕು. ಬೆಳಗಿನ ಎಂಟೂವರೆ. ನೀವು ಮಾಟುಂಗದ ಉಡುಪಿ ಹೋಟೆಲೊಂದರ ಪಾರ್ಸೆಲ್ ಹುಡುಗ. ಕುಂದಾಪುರದ ಕಡೆಯಿಂದ ಬಂದ ನಿಮಗೆ ಮುಂಬಯಿಯಲ್ಲಿ ಇದು ಎರಡನೇ ಮಳೆಗಾಲ. ಹಿಂದಿನ ಪೆಟ್ಟಿಗೆಯಲ್ಲಿ ಹನ್ನೆರಡು ಪ್ಲೇಟ್ ಇಡ್ಲಿ ಇದೆ. ಸಾಂಬಾರಿನ ಇಂಗಿನ ಘಮವೂ ಗಟಾರದ ನಾತವೂ ಒಂದೇ ಉಸಿರಿನಲ್ಲಿ ಒಳಗೆ ಹೋಗುತ್ತಿವೆ.

ಪಕ್ಕದಲ್ಲೇ ಬೆಸ್ಟ್ ಬಸ್ಸೊಂದು ದಾಟುತ್ತದೆ. ಅದು ಎಬ್ಬಿಸಿದ ಅಲೆ ನಿಮ್ಮ ಇ-ಬೈಕಿನ ಫುಟ್‌ಬೋರ್ಡ್ ಮೇಲೆ ಹರಿದು ಹೋಗುತ್ತದೆ. ಕಾಲಡಿಯಲ್ಲಿ ಟಪ್ಪೆಂದು ಸದ್ದು, ಒದ್ದೆಯಾದ ಪಟಾಕಿ ಹೊಡೆದ ಹಾಗೆ. ಎಕ್ಸಲೇಟರ್ ತಿರುಗಿಸುತ್ತೀರಿ. ಏನೂ ಇಲ್ಲ. ಇನ್ನೊಮ್ಮೆ. ಏನೂ ಇಲ್ಲ. ಮೀಟರಿನ ದೀಪ ಮಾತ್ರ ಏನೂ ಆಗದವರ ಹಾಗೆ ಉರಿಯುತ್ತಿದೆ.

ಇಳಿದು ತಳ್ಳುತ್ತೀರಿ. ಗಾಡಿ ಬರುವುದಿಲ್ಲ. ಬ್ರೇಕು ಹಿಡಿದಿಲ್ಲ, ಗಾಲಿಗೆ ಏನೂ ಸಿಕ್ಕಿಕೊಂಡಿಲ್ಲ. ಆದರೂ ಹಿಂದಿನ ಚಕ್ರ ಹಟ ಹಿಡಿದ ಕರುವಿನಂತೆ ಗಡ್, ಗಡ್ ಎಂದು ನಿಂತು ನಿಂತು ಬರುತ್ತದೆ. ಹ್ಯಾಂಡಲ್ಲಿಗೆ ಎದೆ ಕೊಟ್ಟು ದೂಡುತ್ತೀರಿ. ಹೋಟೆಲಿಗೆ ಫೋನು ಮಾಡಿದರೆ, ಆರ್ಡರು ಕ್ಯಾನ್ಸಲ್ ಆಯಿತು, ಮೊದಲು ಗಾಡಿ ನೋಡು ಎನ್ನುತ್ತಾರೆ.

ಈ ಜಾಗ ಬಟ್ಟಲಿನ ತಳದಂತೆ. ಮುಂಬಯಿಯ ಹಳೆಯ ಗಟಾರಗಳು ಗಂಟೆಗೆ 25 ಮಿಲಿಮೀಟರ್ ಮಳೆಗೆಂದು ಕಟ್ಟಿದವು. ಅದೂ ಸಮುದ್ರದಲ್ಲಿ ಭರತ ಇಲ್ಲದಿದ್ದಾಗ ಮಾತ್ರ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. ಆಮೇಲೆ ಗಟಾರಗಳನ್ನು ದುಪ್ಪಟ್ಟು ನೀರಿಗೆ ಅಣಿಮಾಡಲು ಹೊರಟರು, ಗಾಂಧಿ ಮಾರ್ಕೆಟ್ ಮಾತ್ರ ಇನ್ನೂ ಮುಳುಗುತ್ತದೆ. 25 ಎಂಬ ಅಂಕೆ ನೆನಪಿರಲಿ. ನಿಮ್ಮ ಗಾಡಿಗೂ ಅದೇ ಅಂಕೆ.

ತಳ್ಳುತ್ತ ತಳ್ಳುತ್ತ ಬಂದದ್ದು ಸಾಯನ್ ಕೋಳಿವಾಡದ ಒಂದು ಗಲ್ಲಿಗೆ. ತಗಡಿನ ಮಾಡಿನ ಮೇಲೆ ಮಳೆ ಹುರಿಗಡಲೆ ಹುರಿಯುತ್ತಿದೆ. ಕೆಳಗೆ ಕೂತ ರಿಪೇರಿಯ ಕಾಕಾ ಅಕ್ಕಲಕೋಟೆಯ ಕಡೆಯವರು. ನಿಮ್ಮ ಕನ್ನಡ ಅವರಿಗೆ ನಗು, ಅವರ ಕನ್ನಡ ನಿಮಗೆ ಖಾರ.

"ಏನಾಗ್ಯಾದ ತಮ್ಮಾ?"

"ಗೊತ್ತಿಲ್ಲ ಕಾಕಾ. ತಳ್ಳಿದ್ರೂ ಬರೂದಿಲ್ಲ."

ಕಾಕಾ ಗಾಡಿಯನ್ನು ನಡುಸ್ಟ್ಯಾಂಡಿಗೆ ಎಳೆದು, ಹಿಂದಿನ ಗಾಲಿಯನ್ನು ಅಂಗೈಯಿಂದ ಒಂದು ಸುತ್ತು ತಿರುಗಿಸುತ್ತಾರೆ. ಗಡ್, ಗಡ್. ತಲೆಯಾಡಿಸುತ್ತಾರೆ. ಆಮೇಲೆ ನಿಮ್ಮ ಕೈ ನೋಡುತ್ತಾರೆ.

"ಮೊದಲ ಆ ಉಂಗುರ ತೆಗಿ."

ಊರಿನಿಂದ ಹೊರಡುವಾಗ ಅಮ್ಮ ಕೊಲ್ಲೂರಿನಿಂದ ತಂದು ಹಾಕಿದ ಉಂಗುರ. ಮಳೆಗೆ ಬೆರಳು ಬಾತಿದೆ, ಬರುವುದಿಲ್ಲ. ಎಂಜಲು ಹಚ್ಚಿ ತಿರುಚುತ್ತೀರಿ. ಸೀಟಿನಡಿಯ ಬ್ಯಾಟರಿ 48 ವೋಲ್ಟಿನ ಲಿಥಿಯಂ, ಪೂರ್ತಿ ಚಾರ್ಜಾದರೆ 54.6 ವೋಲ್ಟು. ಒಣ ಕೈಗೆ ಅದು ದೊಡ್ಡ ಶಾಕ್ ಕೊಡುವುದಿಲ್ಲ. ಆದರೆ ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಲೋಹ ಸಿಕ್ಕಿತೆಂದರೆ ಆ ಲೋಹ ಕಣ್ಣು ಮಿಟುಕಿಸುವುದರೊಳಗೆ ಕೆಂಪಗಾಗುತ್ತದೆ, ಉಂಗುರದೊಳಗೆ ಬೆರಳಿದ್ದರೆ ಬೆರಳೂ ಸುಡುತ್ತದೆ. ಚರ್ಮ ಸುಲಿದುಕೊಂಡು ಉಂಗುರ ಹೊರಬರುತ್ತದೆ. ಜೇಬಿಗೆ ಹಾಕುತ್ತೀರಿ.

ಕಾಕಾ ಎಂಸಿಬಿ ಕೆಳಗೆ ಮಾಡಿ, ಬ್ಯಾಟರಿ ಎತ್ತಿ, ಅದರ ತಳ ಸವರುತ್ತಾರೆ. ಮೂಗಿನ ಹತ್ತಿರ ಹಿಡಿದು ಮೂಸುತ್ತಾರೆ. ನಿಮ್ಮ ಉಸಿರು ಅಲ್ಲೇ ನಿಲ್ಲುತ್ತದೆ. ಮೋಟರು ನಡೆಸುವ ಕಂಟ್ರೋಲರ್ ಹೋದರೆ ಕೆಲವು ದಿನದ ಕೂಲಿ, ಬ್ಯಾಟರಿಗೆ ನೀರು ಹೊಕ್ಕಿದ್ದರೆ ಅದು ಈ ಗಲ್ಲಿಗೇ ಬೆಂಕಿ. "ಒಣಗೇ ಅದ," ಎಂದು ಅದನ್ನು ಮರದ ಹಲಗೆಯ ಮೇಲೆ ದೂರ ಇಡುತ್ತಾರೆ. "ಈಗ ಚಾವಿ ತಿರುವಿ ಬಿಡು. ಕಂಟ್ರೋಲರ್ ಡಬ್ಬಿಯೊಳಗ ಕರೆಂಟ್ ಉಳದಿರ್ತದ, ಅದೂ ಇಳೀಲಿ."

ಫುಟ್‌ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚುತ್ತಾರೆ. ಒಳಗೆ ಕಂಟ್ರೋಲರ್, ಅಲ್ಯೂಮಿನಿಯಮ್ಮಿನ ಒಂದು ಡಬ್ಬಿ, ಬೆಂಕಿಪೊಟ್ಟಣ ನಾಲ್ಕೈದು ಜೋಡಿಸಿದಷ್ಟು ದೊಡ್ಡದು. ಅದರ ಬಾಯಿಂದ ವಯರುಗಳು ಕಟ್ಟು ಕಟ್ಟಾಗಿ ಹೊರಬಿದ್ದಿವೆ. ಕಾಕಾ ಓರೆ ಮಾಡಿದಾಗ ಕಂದು ನೀರು ಸುರಿಯುತ್ತದೆ. ಜೊತೆಗೆ ಒಂದು ವಾಸನೆ, ಸುಟ್ಟ ಬಣ್ಣದ್ದೋ ಕೆಟ್ಟ ಮೀನಿನದೋ ಎನ್ನಲಾಗದ್ದು. ಮೀನಿನ ಊರಿನವರಾದ ನಿಮಗೇ ಹೊಟ್ಟೆ ತೊಳಸುತ್ತದೆ.

ಮೋಟರಿಗೆ ಹೋಗುವ ಮೂರು ದಪ್ಪ ವಯರು ಇವೆ: ಹಳದಿ, ಹಸಿರು, ನೀಲಿ. ಕಾಕಾ ಒಂದೊಂದನ್ನೇ ಕಳಚಿ ದೂರ ಮಾಡುತ್ತಾರೆ. "ಈಗ ಗಾಲಿ ತಿರುವು."

ಬೆರಳು ತಾಗಿಸುತ್ತೀರಿ. ಗಾಲಿ ಬೆಣ್ಣೆಯ ಹಾಗೆ ತಿರುಗುತ್ತದೆ.

ನಿಮ್ಮ ಎದೆಯಿಂದ ಒಂದು ಕಲ್ಲು ಇಳಿಯುತ್ತದೆ. ಮೋಟರು ಬದುಕಿದೆ. ಡಬ್ಬಿಯೊಳಗೆ ಬ್ಯಾಟರಿಯ ಕರೆಂಟನ್ನು ಮೂರು ವಯರಿಗೆ ಸರದಿಯಲ್ಲಿ ಹಂಚುವ ಆರು ಪುಟ್ಟ ಸ್ವಿಚ್ಚುಗಳಿವೆ, ಮಾಸ್ಫೆಟ್ ಎನ್ನುತ್ತಾರೆ. ನೀರು ಹೊಕ್ಕು ಅವುಗಳಲ್ಲಿ ಕೆಲವು ಬೆಸೆದುಹೋಗಿವೆ. ತಳ್ಳುವಾಗ ಮೋಟರೇ ಡೈನಮೋ ಆಗಿ ಕರೆಂಟು ಹುಟ್ಟಿಸುತ್ತಿತ್ತು. ಆ ಕರೆಂಟು ಬೆಸೆದ ಸ್ವಿಚ್ಚಿನಲ್ಲಿ ಸುತ್ತು ಹೊಡೆದು ಮೋಟರನ್ನೇ ಹಿಡಿದು ನಿಲ್ಲಿಸುತ್ತಿತ್ತು. ಬೆಳಿಗ್ಗೆಯಿಂದ ನೀವು ತಳ್ಳಿದ್ದು ನಿಮ್ಮದೇ ಬಲದ ವಿರುದ್ಧ.

ಹೊಸ ಡಬ್ಬಿ ಲ್ಯಾಮಿಂಗ್ಟನ್ ರೋಡಿನಿಂದ ತಂದಿಟ್ಟದ್ದು. ಕಾಕಾ ಹಳೆಯದರ ಮೈಮೇಲಿನ ಚೀಟಿಯನ್ನು ಉಗುರಿನಿಂದ ಒರೆಸಿ ಓದಿ ಹೊಸದರ ಜೊತೆ ಹೋಲಿಸುತ್ತಾರೆ: 48 ವೋಲ್ಟು, ಮೋಟರಿನ ವ್ಯಾಟು, ಹಾಲ್ ಸೆನ್ಸರಿನ ಕೋನ 120. ಮೂರರಲ್ಲಿ ಒಂದು ತಪ್ಪಿದರೂ ದುಡ್ಡು ನೀರಿಗೆ. ಕನೆಕ್ಟರುಗಳು ಒಣಗಲೆಂದು ಫ್ಯಾನ್ ಹಚ್ಚುತ್ತಾರೆ. ನೀವು ಪೆಟ್ಟಿಗೆ ತೆರೆದು, ತಣ್ಣಗಾದ ಇಡ್ಲಿಯನ್ನು ತಣ್ಣಗಾದ ಸಾಂಬಾರಿನಲ್ಲಿ ಅದ್ದಿ, ಮೊದಲು ಅವರಿಗೆ ಕೊಡುತ್ತೀರಿ.

ಬಣ್ಣಕ್ಕೆ ಬಣ್ಣ ಸೇರಿಸಿದರೆ ಮುಗಿಯಿತು ಅಂದುಕೊಂಡಿದ್ದಿರಿ. ಮುಗಿಯುವುದಿಲ್ಲ. ಒಬ್ಬ ತಯಾರಕನ ಹಳದಿ ಇನ್ನೊಬ್ಬನಿಗೆ ನೀಲಿ ಆಗಿರಬಹುದು. ದಪ್ಪ ವಯರು ಮೂರು, ಗಾಲಿ ಎಲ್ಲಿದೆ ಎಂದು ಹೇಳುವ ಸೆನ್ಸರಿನ ಸಣ್ಣ ವಯರು ಮೂರು. ಇವನ್ನು 36 ರೀತಿ ಜೋಡಿಸಬಹುದು. ತಪ್ಪಾಗಿ ಜೋಡಿಸಿ ಜೋರಾಗಿ ಎಕ್ಸಲೇಟರ್ ತಿರುಗಿಸಿದರೆ ಹೊಸ ಡಬ್ಬಿಯೂ ಹಳೆಯದರ ದಾರಿ ಹಿಡಿಯುತ್ತದೆ. ಅದಕ್ಕೇ ಇದರಲ್ಲಿ ಕಲಿಯುವ ವಯರು ಎಂಬ ಒಂದು ಜೋಡಿ ಇದೆ. ಅದನ್ನು ಸೇರಿಸಿದರೆ ಡಬ್ಬಿಯೇ ಗಾಲಿಯನ್ನು ತಿರುಗಿಸಿ ನೋಡಿ ಸರಿಯಾದ ಸರದಿ ಕಲಿತುಕೊಳ್ಳುತ್ತದೆ.

"ದೂರ ನಿಲ್ಲು," ಎನ್ನುತ್ತಾರೆ ಕಾಕಾ. ಬ್ಯಾಟರಿಯ ಕನೆಕ್ಟರು ಅವರ ಬೆರಳಿನಲ್ಲಿ ಸಾಕೆಟ್ಟಿನ ಹತ್ತಿರ ಹೋಗುತ್ತದೆ. ಇನ್ನೂ ಹತ್ತಿರ.

ಚಟ್!

ನೀಲಿ ಕಿಡಿ. ಹಿಂದಕ್ಕೆ ಹಾರಿದ ನಿಮ್ಮ ಬೆನ್ನು ತಗಡಿಗೆ ಬಡಿಯುತ್ತದೆ. ಬಾಯಲ್ಲಿ ತುಕ್ಕಿನ ರುಚಿ. ಕಾಕಾ ಕದಲಿಲ್ಲ. "ಹಸಿದ ಕೂಸು. ಮೊದಲನೇ ಗುಟುಕು ಹಿಂಗೇ ನುಂಗತದ." ಖಾಲಿ ಇದ್ದ ಕೆಪಾಸಿಟರುಗಳು ಒಮ್ಮೆಲೇ ತುಂಬಿಕೊಂಡವು, ಅಷ್ಟೇ. ಆದರೆ ನಿಮ್ಮ ಮೊಣಕಾಲಿಗೆ ಅದನ್ನು ಯಾರು ಹೇಳಬೇಕು?

ಚಾವಿ ತಿರುಗುತ್ತದೆ. ಗಾಲಿ ಒಮ್ಮೆ ನಡುಗುತ್ತದೆ. ನಿಧಾನಕ್ಕೆ ತಿರುಗಲು ಶುರುಮಾಡುತ್ತದೆ, ಹಿಂದಕ್ಕೆ! ಕಾಕಾ ಕಲಿಯುವ ವಯರನ್ನು ಬಿಡಿಸಿ ಮತ್ತೆ ಕೂಡಿಸುತ್ತಾರೆ. ಗಾಲಿ ನಿಂತು, ಯೋಚಿಸಿ, ಮುಂದಕ್ಕೆ ಹೊರಡುತ್ತದೆ. ಗುಂಯ್ ಎಂಬ ಆ ಸದ್ದು ಇಷ್ಟು ಇಂಪಾಗಿತ್ತೆಂದು ನಿಮಗೆ ಈವರೆಗೆ ಗೊತ್ತಿರಲಿಲ್ಲ.

ಕಾಕಾ ಕಲಿಯುವ ಜೋಡಿಯನ್ನು ಬಿಡಿಸಿಡುತ್ತಾರೆ. ಈಗ ಉಳಿದದ್ದು ಇನ್ನೊಂದು ಜೋಡಿ. ಎರಡು ಬಿಳಿ ವಯರು, ಒಂದರ ತುದಿ ಇನ್ನೊಂದರೊಳಗೆ ಕೂತಿದೆ. ಚೀಟಿಯಲ್ಲಿ ಸ್ಪೀಡ್ ಲಿಮಿಟ್ ಎಂದಿದೆ. ಕೆಲವು ಕಂಪನಿಯ ಡಬ್ಬಿಯಲ್ಲಿ ಇದನ್ನು ಸೇರಿಸಿದರೆ ಮಿತಿ ಬಿಡುತ್ತದೆ, ಇದರಲ್ಲಿ ಸೇರಿಸಿದರೆ ಮಿತಿ ಹಿಡಿಯುತ್ತದೆ. ಪಕ್ಕದ ಹೋಟೆಲಿನ ಹುಡುಗ ತನ್ನದನ್ನು ಬಿಡಿಸಿಕೊಂಡಿದ್ದಾನೆ. ದಿನಕ್ಕೆ ನಾಲ್ಕು ಪಾರ್ಸೆಲ್ ಹೆಚ್ಚು ಕೊಡುತ್ತೇನೆ ಎನ್ನುತ್ತಾನೆ. ಮಳೆಯ ದಿನ ಟಿಪ್ಸೂ ಹೆಚ್ಚು.

ನೀವು ಬಾಯಿ ಬಿಡುವ ಮೊದಲೇ ಕಾಕಾ ಆ ಜೋಡಿಯನ್ನು ನಿಮ್ಮ ಅಂಗೈಗೆ ಇಡುತ್ತಾರೆ.

"ಬಿಚ್ಚಿ ನೋಡು. ಗಾಡಿ ಸ್ಟ್ಯಾಂಡ್ ಮ್ಯಾಗೇ ಅದಲ್ಲ."

ಎಳೆಯುತ್ತೀರಿ. ಸಣ್ಣ ಕ್ಲಿಕ್. ಎಕ್ಸಲೇಟರ್ ತಿರುಗಿಸುತ್ತೀರಿ. ಗುಂಯ್ ಏರುತ್ತದೆ, ಇನ್ನೂ ಏರುತ್ತದೆ, ಕಿರುಚಾಗುತ್ತದೆ. ಟಯರಿನ ಗೆರೆಗಳು ಮಾಯ. ಸ್ಟ್ಯಾಂಡು ನೆಲದ ಮೇಲೆ ಗಡಗಡ ಕುಣಿಯುತ್ತದೆ. ಟಯರಿನ ಕೆಸರು ತಗಡಿಗೆ, ಗೋಡೆಗೆ, ನಿಮ್ಮ ತುಟಿಗೆ. ಮೀಟರು 30. 38. 45! ಕೈಯಲ್ಲಿ ಹೊಸ ಬಲ, ಹೊಟ್ಟೆಯಲ್ಲಿ ಜಾತ್ರೆಯ ತೊಟ್ಟಿಲು ಇಳಿಯುವಾಗಿನ ಖಾಲಿ.

ಬ್ರೇಕ್ ಹಿಡಿಯುತ್ತೀರಿ. ಮೋಟರಿನ ಕರೆಂಟು ಕಡಿಯುತ್ತದೆ. ಗಾಲಿ ನಿಲ್ಲುವುದಿಲ್ಲ. ಇನ್ನೂ ಒತ್ತುತ್ತೀರಿ. ಒದ್ದೆ ಡ್ರಮ್ಮಿನೊಳಗೆ ಲೈನರು ಜಾರುತ್ತಿದೆ. ಗಾಲಿ ತನಗೆ ಬೇಕಾದಾಗ ನಿಲ್ಲುತ್ತದೆ.

ಕಾಕಾ ಇಡ್ಲಿ ಜಗಿಯುತ್ತಲೇ ಹೇಳುತ್ತಾರೆ: "ಡಬ್ಬಿ ಹೊಸಾದು. ಬ್ರೇಕ್ ಹಳೇದು."

ನೆಲಕ್ಕಿಳಿದು ನೀವು ಮೇಲೆ ಕೂತರೆ ಈ 45 ಇಳಿಯುತ್ತದೆ, ಆದರೂ 35ಕ್ಕೆ ಮೋಸವಿಲ್ಲ. ಗಂಟೆಗೆ 25 ಕಿಲೋಮೀಟರಿನಲ್ಲಿ ಗಾಡಿ ಒಂದು ಸೆಕೆಂಡಿಗೆ ಏಳು ಮೀಟರು ಹೋಗುತ್ತದೆ, 35ರಲ್ಲಿ ಹತ್ತಿರ ಹತ್ತಿರ ಹತ್ತು. ಬ್ರೇಕ್ ಹಿಡಿಯಬೇಕೆಂದು ಹೊಳೆಯುವಷ್ಟರಲ್ಲೇ ಮೂರು ಮೀಟರು ಹೆಚ್ಚು. ಡಿಕ್ಕಿಯ ಪೆಟ್ಟು ಸುಮಾರು ಎರಡು ಪಟ್ಟು.

ಇದಿಷ್ಟೇ ಆದರೆ ಧೈರ್ಯದ ಮಾತು ಆಡಬಹುದಿತ್ತು. ನಿಮ್ಮ ಗಾಡಿಗೆ ನಂಬರ್ ಪ್ಲೇಟಿಲ್ಲ, ನಿಮಗೆ ಲೈಸನ್ಸಿಲ್ಲ, ಇನ್ಶೂರೆನ್ಸಂತೂ ಇಲ್ಲವೇ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇದಕ್ಕೆಲ್ಲ ವಿನಾಯಿತಿ ಕೊಟ್ಟಿವೆ: ಮೋಟರು 250 ವ್ಯಾಟಿಗಿಂತ ಕಡಿಮೆ, ವೇಗ 25ಕ್ಕಿಂತ ಕಡಿಮೆ, ಜೊತೆಗೆ ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಇದ್ದರೆ ಇದು ಮೋಟಾರು ವಾಹನವೇ ಅಲ್ಲ. ಆ ವಿನಾಯಿತಿಯೆಲ್ಲ ಈ ಎರಡು ಬಿಳಿ ವಯರಿನ ಕೀಲಿನಲ್ಲಿ ನಿಂತಿದೆ. ಅದು ಬಿಚ್ಚಿದ ಗಳಿಗೆಯಲ್ಲಿ ಗಾಡಿ ನೋಂದಣಿಯಿಲ್ಲದ ವಾಹನ, ನೀವು ಲೈಸನ್ಸಿಲ್ಲದ ಚಾಲಕ. ಹೀಗೆ ಗಾಡಿ ತಿದ್ದಿದ ಮಾಲೀಕನಿಗೆ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ತಿದ್ದುಪಡಿಗೂ ₹5,000 ದಂಡ, ಇಲ್ಲವೇ ಎರಡೂ. 2022ರಲ್ಲಿ ಮಹಾರಾಷ್ಟ್ರದ ಆರ್‌ಟಿಒಗಳು ಇಂಥ ಗಾಡಿಗಳನ್ನು ಹುಡುಕಿ ಹುಡುಕಿ ಹಿಡಿದಿದ್ದವು.

ದಂಡ ಕಟ್ಟಬಹುದು. ಆದರೆ ಮಾಟುಂಗ ಮಾರ್ಕೆಟ್ಟಿನಲ್ಲಿ ಹೂವು ಕೊಂಡು ಕೊಡೆಯಡಿ ರಸ್ತೆ ದಾಟುವ ಒಬ್ಬ ಅಜ್ಜಿಯನ್ನು ನೆನೆಸಿಕೊಳ್ಳಿ. ಈ ಗಾಡಿಗೆ ಎಂಜಿನಿನ ಸದ್ದಿಲ್ಲ. ಅಜ್ಜಿಗೆ ನೀವು ಬರುವುದು ಕೇಳುವುದಿಲ್ಲ. ಆಸ್ಪತ್ರೆಯ ಬಿಲ್ಲು ಕಟ್ಟಲು ಯಾವ ವಿಮಾ ಕಂಪನಿಯೂ ಬರುವುದಿಲ್ಲ. ಬರುವುದು ನಿಮ್ಮ ಹೆಸರು ಒಂದೇ.

"ನೀವಾದ್ರೆ ಎಂತ ಮಾಡ್ತೀರಿ ಕಾಕಾ?"

"ನನ್ನ ಯಾಕ ಕೇಳ್ತಿ? ಬಿಚ್ಚಿಸ್ಕೊಂಡ ಹೋದೋರು ಆರು ತಿಂಗಳದಾಗ ಮತ್ತ ಡಬ್ಬಿ ತಗೊಳ್ಳಾಕ ಬರ್ತಾರ. ನನಗೇನ್ ನುಕ್ಸಾನ?"

ಅಂಗೈಯಲ್ಲಿ ಎರಡು ತುದಿಗಳಿವೆ. ತೂಕವೇ ಇಲ್ಲ. ಬೆರಳಿನಲ್ಲಿ ಉಂಗುರ ಇದ್ದ ಜಾಗ ಉರಿಯುತ್ತಿದೆ. ಮಿತಿ ದಾಟಿದ ನೀರು ಏನು ಮಾಡುತ್ತದೆಂದು ಬೆಳಿಗ್ಗೆ ಗಾಂಧಿ ಮಾರ್ಕೆಟ್ಟಿನಲ್ಲಿ ಕಂಡಿದ್ದೀರಿ.

ಒತ್ತುತ್ತೀರಿ. ಕ್ಲಿಕ್.

ಕಾಕಾ ಏನೂ ಹೇಳುವುದಿಲ್ಲ. ಆ ಕೀಲಿಗೆ ಕರಿ ಟೇಪು ಸುತ್ತುತ್ತಾರೆ. ವಯರುಗಳು ಹೊರಬರುವ ಬಾಯಿಗೆ ಸಿಲಿಕಾನ್ ತುಂಬುತ್ತಾರೆ. ಡಬ್ಬಿಯನ್ನು ಫುಟ್‌ಬೋರ್ಡಿನ ಕೆಳಗಲ್ಲ, ಸೀಟಿನಡಿಗೆ, ಬಾಯಿ ಕೆಳಮುಖವಾಗಿ ಕೂರಿಸುತ್ತಾರೆ. ಬ್ರೇಕಿಗೆ ಹೊಸ ಲೈನರು ಹಾಕುತ್ತಾರೆ. ಅದನ್ನು ನೀವೇ ಕೇಳಿ ಹಾಕಿಸಿಕೊಂಡಿರಿ. ಒಟ್ಟು ಎರಡು ಸಾವಿರ. ಇಡ್ಲಿಗೆಂದು ನೂರು ಕಡಿಮೆ ಮಾಡುತ್ತಾರೆ.

ಮಳೆ ಹನಿಗೆ ಇಳಿದಿದೆ. ಎಕ್ಸಲೇಟರ್ ಪೂರ್ತಿ ತಿರುಗಿಸಿದರೂ ಮೀಟರು 24ರಲ್ಲಿ ಕೂತು ಅಲ್ಲಾಡುವುದಿಲ್ಲ. ಆಟೋದವನು ಹಾರ್ನ್ ಹೊಡೆದು ಮುಂದೆ ಹೋಗುತ್ತಾನೆ, ಹೋಗಲಿ. ಕೋಳಿವಾಡದಿಂದ ಹೋಟೆಲಿಗೆ ಎರಡು ಕಿಲೋಮೀಟರ್ ಎಂದಿಟ್ಟುಕೊಳ್ಳಿ. 25ರಲ್ಲಿ ಐದು ನಿಮಿಷಕ್ಕೆ ತುಸು ಕಡಿಮೆ, 35ರಲ್ಲಿ ಮೂರೂವರೆ. ಉಳಿಯುವುದು ಒಂದೂವರೆ ನಿಮಿಷವೂ ಅಲ್ಲ. ಅಷ್ಟನ್ನು ಕಿಂಗ್ಸ್ ಸರ್ಕಲ್ಲಿನ ಸಿಗ್ನಲ್ ಒಂದೇ ನುಂಗಿಬಿಡುತ್ತದೆ. ನಿಮ್ಮನ್ನು ಹಿಂದೆ ಹಾಕಿ ಹೋದ ಆಟೋದವನು ಅಲ್ಲೇ ಕೆಂಪು ದೀಪದಡಿ ನಿಂತಿದ್ದಾನೆ.