ಬಾಯಿ ಆಡಿಸಿದರೆ ಸಾಕು



ಈ ಸಲ ಹಾಡಿನ ವಿಷಯ ಬರೆಯಲು ಕುಳಿತಿದ್ದೇನೆ. ‘ಸಮಾಜ ವಿಜ್ಞಾನದ ಮೇಷ್ಟ್ರಿಗೂ ಹಾಡಿಗೂ ಎಲ್ಲಿಯ ನಂಟು?’ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗುವ ಮುನ್ನ ಪೂರ್ತಿ ಓದಿ; ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ಕಳೆದ ಅಕ್ಟೋಬರ್‌ನಲ್ಲಿ ನ್ಯಾಮತಿಯಿಂದ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಎಂಟನೆಯ ತರಗತಿಯಲ್ಲಿರುವ ಅವನ ಮಗಳು ರಾಜ್ಯೋತ್ಸವದಂದು ಕರೋಕೆ ಹಾಕಿಕೊಂಡು ಒಬ್ಬಳೇ ಹಾಡುತ್ತೇನೆಂದು ಹೆಸರು ಕೊಟ್ಟಿದ್ದಳಂತೆ. ಎರಡು ದಿನ ಅಭ್ಯಾಸ ಮಾಡಿದ ಮೇಲೆ ‘ನಾನು ಒಲ್ಲೆ’ ಎಂದು ಹಟ ಹಿಡಿದಿದ್ದಾಳಂತೆ. “ಯಾವುದಾದರೂ ಸುಲಭದ ಹಾಡು ಹೇಳಿ ಸರ್. ನನಗಂತೂ ಹಾಡು ಬರುವುದಿಲ್ಲ, ನೀವೇ ಹೇಳಿದ್ದಿರಲ್ಲ” ಎಂದು ನಕ್ಕ.

ನಾನೇನು ಹೇಳಿದ್ದೆ? ಆ ಕ್ಷಣಕ್ಕೆ ನೆನಪಾಗಲಿಲ್ಲ. ರಾತ್ರಿ ಮಲಗಿದಾಗ ನೆನಪಾಯಿತು, ನಿದ್ದೆ ಬರಲಿಲ್ಲ.

ಅದು 1994ನೆಯ ಇಸವಿ. ನಾನಾಗ ಜಗಳೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಜಗಳೂರು ಆಗಿನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಸಮೂಹಗೀತೆಯ ಸ್ಪರ್ಧೆಗೆ ಹತ್ತು ಮಕ್ಕಳನ್ನು ಸಿದ್ಧಗೊಳಿಸುವ ಹೊಣೆ ನನ್ನದಾಗಿತ್ತು. ಒಂಬತ್ತನೆಯ ತರಗತಿಯ ಈ ಹುಡುಗನ ದನಿ ನಡುನಡುವೆ ಒಡೆದು ಕೀರಲಾಗುತ್ತಿತ್ತು, ಉಳಿದವರು ನಗುತ್ತಿದ್ದರು. ಸ್ಪರ್ಧೆಯ ಹಿಂದಿನ ದಿನ ಅವನನ್ನು ಪಕ್ಕಕ್ಕೆ ಕರೆದು, “ನೀನು ಬಾಯಿ ಆಡಿಸಿದರೆ ಸಾಕು, ದನಿ ಹೊರಡಿಸಬೇಡ” ಎಂದೆ. ಅವನು ಹಾಗೆಯೇ ಮಾಡಿದ. ನಮಗೆ ಬಹುಮಾನವೂ ಬಂತು. ಎಲ್ಲರಂತೆ ಅವನೂ ಒಂದು ಸ್ಟೀಲ್ ಲೋಟ ಹಿಡಿದುಕೊಂಡು ಮನೆಗೆ ಹೋದ.

ಗಂಡುಮಕ್ಕಳಿಗೆ ಹನ್ನೆರಡರಿಂದ ಹದಿನೈದು ವರ್ಷದೊಳಗೆ ಧ್ವನಿಪೆಟ್ಟಿಗೆ ಬೆಳೆದು ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹೆಣ್ಣುಮಕ್ಕಳ ದನಿಯೂ ಸ್ವಲ್ಪ ಇಳಿಯುತ್ತದೆ. ಬದಲಾವಣೆ ಮುಗಿಯುವವರೆಗೆ ಯಾವ ಸ್ವರ ಎಲ್ಲಿ ಕೈಕೊಡುವುದೆಂದು ಮಗುವಿಗೇ ತಿಳಿಯದು. ಅದು ಬೆಳವಣಿಗೆ, ದೋಷವಲ್ಲ. ಬಿ.ಎಡ್. ಓದಿದ ನನಗೆ ಇಷ್ಟು ತಿಳಿದಿರಬೇಕಿತ್ತು. ‘ಸರಳತೆಯಿಂದ ಸಂಕೀರ್ಣತೆಗೆ’ ಎಂಬ ಬೋಧನಾ ಸೂತ್ರವನ್ನು ಪಾಠ ಯೋಜನೆಗಳಲ್ಲಿ ವರ್ಷಗಟ್ಟಲೆ ಬರೆದವನು, ಹಾಡನ್ನು ಹುಡುಗನಿಗೆ ಹೊಂದಿಸದೆ ಹುಡುಗನನ್ನೇ ಹಾಡಿನಿಂದ ತೆಗೆದುಹಾಕಿದ್ದೆ.

ಮರುದಿನ ಹೊನ್ನಾಳಿಯಲ್ಲಿ ನನಗೆ ಪರಿಚಿತರಾದ, ಹಳ್ಳಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದ ವೃದ್ಧ ಪೇಟಿ ಮಾಸ್ತರರನ್ನು ಕಂಡೆ. ಅವರು ನಕ್ಕು, “ಸುಲಭ, ಕಷ್ಟ ಅನ್ನೋದು ಹಾಡಿನಲ್ಲಿಲ್ಲ ಮೇಷ್ಟ್ರೇ, ಗಂಟಲಿನಲ್ಲಿದೆ. ಮೊದಲು ಅಳತೆ ತಗೊಳ್ಳಿ, ಆಮೇಲೆ ಅಂಗಿ ಹೊಲಿಸಿ” ಎಂದರು.

ಕರೋಕೆಯ ಹುಟ್ಟಿನ ಕಥೆಯೂ ಇದನ್ನೇ ಹೇಳುತ್ತದೆ. ಜಪಾನಿನ ಕೋಬೆ ನಗರದಲ್ಲಿ ವಾದ್ಯ ನುಡಿಸಿ ಗಿರಾಕಿಗಳಿಗೆ ಸಾಥ್ ನೀಡುತ್ತಿದ್ದ ಡೈಸುಕೆ ಇನೊಉಎ ಎಂಬಾತ 1971ರಲ್ಲಿ ಇಂಥ ಯಂತ್ರವನ್ನು ಮಾಡಿದ. ಅದಕ್ಕೆ ಮುನ್ನ, ಪ್ರವಾಸಕ್ಕೆ ಹೊರಟ ಗಿರಾಕಿಯೊಬ್ಬ ಜೊತೆಗೆ ಬಾ ಎಂದಾಗ ಹೋಗಲಾಗದೆ, ಆತನ ದನಿಗೆ ಹೊಂದುವಂತೆ ವಾದ್ಯ ನುಡಿಸಿ ಟೇಪು ಮಾಡಿಕೊಟ್ಟಿದ್ದನಂತೆ. ಅಂದರೆ ಮೊದಲು ವಾದ್ಯವೇ ಹಾಡುಗಾರನನ್ನು ಹಿಂಬಾಲಿಸಿತ್ತು. ಈಗ ಮಕ್ಕಳು ವಾದ್ಯದ ಹಿಂದೆ ಏದುಸಿರು ಬಿಡುತ್ತ ಓಡುತ್ತಿದ್ದಾರೆ.

ಭಾನುವಾರ ನ್ಯಾಮತಿಗೆ ಹೋದೆ. ಹುಡುಗಿ ಆರಿಸಿಕೊಂಡಿದ್ದುದು ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’ ಹಾಡನ್ನು. 1993ರ ‘ಆಕಸ್ಮಿಕ’ ಚಿತ್ರಕ್ಕೆ ಹಂಸಲೇಖ ಬರೆದು, ಡಾ. ರಾಜಕುಮಾರ್ ಹಾಡಿದ ಗೀತೆ. 2022ರ ಅಕ್ಟೋಬರ್ 28ರ ಕೋಟಿ ಕಂಠ ಗಾಯನದಲ್ಲಿ ಅವಳು ಇದನ್ನು ಎಲ್ಲರೊಡನೆ ಹುರುಪಿನಿಂದ ಹಾಡಿದ್ದಳಂತೆ. ಗುಂಪಿನಲ್ಲಿ ಯಾರ ದನಿ ಎಲ್ಲಿ ಜಾರಿತೆಂದು ಯಾರಿಗೆ ಗೊತ್ತಾಗುತ್ತದೆ? ಚನ್ನಗಿರಿಯಲ್ಲಿದ್ದಾಗ ಸೂಳೆಕೆರೆಗೆ ಪ್ರವಾಸ ಹೊರಟ ಬಸ್ಸಿನಲ್ಲಿ, ತರಗತಿಯಲ್ಲಿ ತುಟಿ ಬಿಚ್ಚದ ಮಕ್ಕಳೂ ಗಂಟಲು ಹರಿಯುವಂತೆ ಹಾಡುತ್ತಿದ್ದುದನ್ನು ಕಂಡವನು ನಾನು. ಒಬ್ಬಳೇ ನಿಂತಾಗ ಹಾಗಲ್ಲ. ಪ್ರಾಯದ ಗಂಡಸಿನ ಶ್ರುತಿಗೆ ಕಟ್ಟಿದ ಟ್ರ್ಯಾಕಿನಲ್ಲಿ ಅವಳು ಮೇಲೆ ಹಾಡಿದರೆ ಕೀರಲು, ಕೆಳಗೆ ಹಾಡಿದರೆ ಕೇಳಿಸದು.

ಹಾಗೆಂದು ‘ಬಣ್ಣದ ತಗಡಿನ ತುತ್ತೂರಿ’ಯನ್ನು ಕೊಡಲಾದೀತೇ? ಹದಿಮೂರರ ಹುಡುಗಿಗೆ ಅದು ಅವಮಾನ. ಸುಲಭವಾಗಿರಬೇಕು, ಎಳಸಾಗಿರಬಾರದು.

ಪೇಟಿ ಮಾಸ್ತರರು ಹೇಳಿಕೊಟ್ಟಂತೆ ಮಾಡಿದೆ. ಅವಳೊಡನೆ ಸುಮ್ಮನೆ ಮಾತನಾಡಿ, ಮಾತಿನ ದನಿಯಿಂದಲೇ ಗುನುಗಲು ಹೇಳಿ, ಮೆಲ್ಲನೆ ಮೇಲಕ್ಕೂ ಕೆಳಕ್ಕೂ ಒಯ್ದೆ. ಕತ್ತಿನ ನರ ಉಬ್ಬಿದಲ್ಲಿ ಮೇಲಿನ ಗಡಿ, ದನಿ ಅಡಗಿದಲ್ಲಿ ಕೆಳಗಿನ ಗಡಿ. ಆಮೇಲೆ ಹಾಡಿನ ಅತಿ ಎತ್ತರದ ಜಾಗವನ್ನು ಹುಡುಕಬೇಕು. ಅದು ಅನೇಕ ಹಾಡುಗಳಲ್ಲಿ ಪಲ್ಲವಿಯಲ್ಲಿರದೆ ಚರಣದಲ್ಲಿರುತ್ತದೆ. ಮಕ್ಕಳು ಪಲ್ಲವಿ ಕೇಳಿ ಹಾಡನ್ನು ಆರಿಸಿ, ಚರಣದಲ್ಲಿ ಸಿಕ್ಕಿಬೀಳುತ್ತಾರೆ. ಉಸಿರು ಕಟ್ಟಿ ಎಳೆಯುವ ಸ್ವರ, ಯಾವಾಗ ಎತ್ತಿಕೊಳ್ಳಬೇಕೆಂದು ತಿಳಿಯದ ಉದ್ದನೆಯ ವಾದ್ಯಸಂಗೀತ, ನಾಲಗೆ ತೊಡರುವ ವೇಗ, ಈ ಮೂರೂ ಇಲ್ಲದಿದ್ದರೆ ಒಳ್ಳೆಯದು.

ಕೊನೆಗೆ ನಿಂತದ್ದು ಶಿಶುನಾಳ ಷರೀಫರ ‘ಕೋಡಗನ ಕೋಳಿ ನುಂಗಿತ್ತ’. ಮಾತಿಗೆ ಹತ್ತಿರದ ನಡೆ, ಸಾಲುಸಾಲಿಗೂ ಮರಳಿ ಬರುವ ಅದೇ ಕ್ರಿಯಾಪದ. ಕೇಳುವವರಿಗೆ ನಗು ಬಂದರೂ ಆ ನಗು ಪದಕ್ಕೆ ಸಲ್ಲುತ್ತದೆ, ಹಾಡುವವಳಿಗಲ್ಲ. ಟ್ರ್ಯಾಕಿನ ಶ್ರುತಿಯನ್ನು ಮೊಬೈಲಿನಲ್ಲಿಯೇ ಅವಳ ದನಿಗೆ ಸರಿಯಾಗಿ ಹೊಂದಿಸಿದೆವು. ಆ ಸೌಲಭ್ಯ ಇದೆಯೆಂದು ತೋರಿಸಿಕೊಟ್ಟವಳು ಅವಳೇ. ಮೊದಲು ಮೂಲ ಗಾಯನದ ಜೊತೆಗೆ, ಬಳಿಕ ಅದರ ಸದ್ದು ತಗ್ಗಿಸಿ, ಆಮೇಲೆ ಬರಿಯ ವಾದ್ಯಕ್ಕೆ ಹಾಡಿಸಿದೆ. ನಾವು ಎದುರಿಗೆ ಕೂರದೆ ಪಕ್ಕದಲ್ಲಿ ಕುಳಿತೆವು.

ಎರಡನೆಯ ಚರಣದಲ್ಲಿ ಅವಳು ತಡವರಿಸಿ, “ಅಪ್ಪಾ, ನೀನೂ ಹೇಳು” ಎಂದಳು. ಅವನು ನನ್ನ ಮುಖ ನೋಡಿದ. ನಲವತ್ತೈದು ದಾಟಿದ ಆ ಮನುಷ್ಯ ಅಪ್ಪಣೆ ಕೇಳುವವನಂತೆ ನೋಡಿದ್ದನ್ನು ನಾನು ಮರೆಯಲಾರೆ. “ಹಾಡಪ್ಪಾ. ಅಂದು ನಾನು ಹೇಳಿದ್ದು ತಪ್ಪು” ಎಂದೆ. “ಅದಕ್ಕೇನು ಬಿಡಿ ಸರ್” ಎಂದವನು, ಮಗಳ ಜೊತೆ ಮೆಲ್ಲಗೆ ದನಿ ಸೇರಿಸಿದ. ಶ್ರುತಿ ಒಂದೆರಡು ಕಡೆ ತಪ್ಪಿತು, ಹಾಡು ನಿಲ್ಲಲಿಲ್ಲ.

ನವೆಂಬರ್ ಒಂದರಂದು ಹುಡುಗಿ ಹಾಡಿದಳು. ಬಹುಮಾನವೇನೂ ಬರಲಿಲ್ಲ. ಮುಂದಿನ ವರ್ಷಕ್ಕೆ ಬೇರೆ ಹಾಡು ಹುಡುಕುತ್ತಿದ್ದಾಳಂತೆ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಇನ್ನಾರಿಗಾದರೂ ನಾನು ‘ಬಾಯಿ ಆಡಿಸಿದರೆ ಸಾಕು’ ಎಂದಿದ್ದರೆ, ಆ ಮಾತನ್ನು ಇಂದು ಹಿಂದಕ್ಕೆ ಪಡೆದಿದ್ದೇನೆ. ನಿಮ್ಮ ಗಂಟಲಿಗೆ ಹೊಂದುವ ಒಂದು ಪದವನ್ನು ಆರಿಸಿಕೊಂಡು, ಮನೆಯಲ್ಲಿ ಮಕ್ಕಳ ಮುಂದೆ ದನಿಯೆತ್ತಿ ಹಾಡಿ.