ಕಂಠ ಯಾರದು?

ಗತಕಾಲವನ್ನು ತೆರೆಯ ಮೇಲೆ ಮರಳಿ ಕಟ್ಟುವ ಪ್ರೇಮಚಿತ್ರಗಳು ನಮ್ಮನ್ನು ಸುಲಭವಾಗಿ ಸೆಳೆಯುತ್ತವೆ. ಅಂದಿನ ಉಡುಪು, ಅಂದಿನ ಬೀದಿ, ಅಂದಿನ ಸಂಗೀತ ಕಣ್ಣು ಕಿವಿಗಳನ್ನು ತಣಿಸುತ್ತವೆ. ಬಾರ್ಡ್ರಾಯ್ ಬರೆಟ್ಟೊ ನಿರ್ದೇಶಿಸಿದ ಕೊಂಕಣಿ ಚಿತ್ರ ‘ನಾಚೊಂ-ಯಾ ಕುಂಪಾಸರ್’ನಲ್ಲಿ ಈ ಸೊಬಗೆಲ್ಲ ಇದೆ. ಆದರೆ ಅದು ಮನದಲ್ಲಿ ಉಳಿಯುವುದು ನಟನೆಯಿಂದ.

ಕಥೆ 1960ರ ದಶಕದ್ದು. ಮುಂಬಯಿಯ ಹೋಟೆಲುಗಳಲ್ಲಿ ಗೋವೆಯ ವಾದ್ಯಗಾರರು ಜಾಝ್ ನುಡಿಸುತ್ತಿದ್ದ ಕಾಲ. ವಿವಾಹಿತ ಸಂಗೀತಗಾರ ಲಾರಿ, ಡೊನ್ನಾ ಎಂಬ ತರುಣಿಯ ಕಂಠವನ್ನು ಗುರುತಿಸಿ ಅವಳನ್ನು ಗಾಯಕಿಯನ್ನಾಗಿ ಬೆಳೆಸುತ್ತಾನೆ. ಪ್ರೇಮ ಮೂಡುತ್ತದೆ, ಮುರಿಯುತ್ತದೆ. ಆ ಬಳಿಕವೂ ಅವಳ ಕಂಠದ ಮೇಲಿನ ಹಿಡಿತವನ್ನು ಅವನು ಸಡಿಲಿಸುವುದಿಲ್ಲ. ಚಿತ್ರದ ತುಂಬ ಕೇಳಿಬರುವುದು ಕ್ರಿಸ್ ಪೆರಿಯವರ ಗೀತೆಗಳು. ಲೊರ್ನಾ ಅವರ ದನಿಯಲ್ಲಿ ಮಂಗಳೂರಿನ ಎಷ್ಟೋ ಕೊಂಕಣಿ ಮನೆಗಳನ್ನು ತಲುಪಿದಂಥವು.

ಡೊನ್ನಾ ಆಗಿ ನಟಿಸಿದ ಪಾಲೊಮಿ ಘೋಷ್ ಬಂಗಾಳಿ ಮೂಲದವರು. ಆದರೂ ಕೊಂಕಣಿ ಅವರ ತುಟಿಗಳಲ್ಲಿ ಪರಕೀಯವೆನಿಸುವುದಿಲ್ಲ. ಮೊದಲು ಅಳುಕುವ ಹುಡುಗಿ, ಮುಂದೆ ವೇದಿಕೆಯನ್ನೇ ಆಳುವ ಗಾಯಕಿ, ಕೊನೆಗೆ ಕುಡಿತದಲ್ಲಿ ಕುಸಿದ ಹೆಂಗಸು: ಈ ಮೂವರನ್ನೂ ಅವರ ಕಣ್ಣುಗಳೇ ಹೇಳುತ್ತವೆ. 2014ರ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅವರಿಗೆ ವಿಶೇಷ ಉಲ್ಲೇಖವೂ, ಚಿತ್ರಕ್ಕೆ ಅತ್ಯುತ್ತಮ ಕೊಂಕಣಿ ಚಿತ್ರವೆಂಬ ಗೌರವವೂ ದೊರೆತವು. ಲಾರಿಯ ಪಾತ್ರದಲ್ಲಿ ವಿಜಯ್ ಮೌರ್ಯ ಖಳನಾಗಿ ಕಾಣುವುದಿಲ್ಲ. ಅವನಿಗೆ ಸಂಗೀತದ ಮೇಲಿರುವ ಪ್ರೀತಿ ನಿಜ. ಆದ್ದರಿಂದಲೇ ಅವನ ಹಟ ಹೆಚ್ಚು ನೋಯಿಸುತ್ತದೆ.

ಈ ಚಿತ್ರವನ್ನು ನಾನು ಬೆಂದೂರಿನಲ್ಲಿರುವ ಚಿಕ್ಕಮ್ಮನೊಡನೆ ಅವರ ಮನೆಯಲ್ಲಿ ನೋಡಿದೆ. ಹರೆಯದಲ್ಲಿ ಅವರು ಗಾಯನ ಮಂಡಳಿಯ ಮುಂದಿನ ಸಾಲಿನಲ್ಲಿ ಹಾಡುತ್ತಿದ್ದವರು. ಮದುವೆಯ ನಂತರ ಹಾಡಲಿಲ್ಲ. “ಸಂಸಾರದ ಗಡಿಬಿಡಿಯಲ್ಲಿ ಬಿಟ್ಟುಬಿಟ್ಟರು” ಎಂದೇ ನಾವೆಲ್ಲ ಹೇಳಿಕೊಂಡು ಬಂದಿದ್ದೆವು. ಚಿತ್ರ ಮುಗಿದ ಮೇಲೆ ಅವರು ಬಹಳ ಹೊತ್ತು ಸುಮ್ಮನಿದ್ದು, ಮೆಲ್ಲನೆ ಅಂದರು: “ಅವಳು ಹಾಡು ಬಿಟ್ಟದ್ದಲ್ಲ ಮಗಾ, ಬಿಡಿಸಿದ್ದು.” ಆ ಮಾತು ಡೊನ್ನಾಳ ಕುರಿತಷ್ಟೇ ಆಗಿರಲಿಲ್ಲವೆಂಬುದು ನನಗೆ ಅರ್ಥವಾಯಿತು.

ನಿನ್ನನ್ನು ಬೆಳೆಸಿದವನು ನಾನು ಎಂಬ ಉಪಕಾರದ ಮಾತು ಎಷ್ಟು ಬೇಗ ಒಡೆತನದ ಮಾತಾಗಿಬಿಡುತ್ತದೆ! ಗಂಡ ಹೆಂಡಿರ ನಡುವೆ, ಹೆತ್ತವರು ಮಕ್ಕಳ ನಡುವೆ, ಗುರು ಶಿಷ್ಯರ ನಡುವೆಯೂ ಇದು ನಡೆಯುತ್ತದೆ. ಡೊನ್ನಾ ವರ್ಷಗಳ ಮೌನದ ಬಳಿಕ ಮತ್ತೆ ಹಾಡುತ್ತಾಳೆ. ಎಲ್ಲ ಮನೆಗಳಲ್ಲೂ ಹಾಗಾಗುವುದಿಲ್ಲ. ನಮ್ಮ ಮನೆಯಲ್ಲಿ ಯಾರಾದರೂ ಹಾಡು ನಿಲ್ಲಿಸಿದ್ದರೆ, ಏಕೆಂದು ಒಮ್ಮೆ ಅವರನ್ನೇ ಕೇಳೋಣ.