ಅಪ್ಪನ ಕೋವಿಗೆ ಎರಡು ತೂತು

ಜೀವಮಾನದಲ್ಲಿ ಡ್ರಿಲ್ ಹಿಡಿದು ನನ್ನ ಕೈ ನಡುಗಿದ್ದು ಒಂದೇ ಸಲ, ಅಪ್ಪನ .22 ಕೋವಿಯ ಮರಕ್ಕೆ ತೂತು ಕೊರೆಯುವಾಗ. ಗೋಡೆಗೆ ತೂತು ತಪ್ಪಿದ್ರೆ ಸಿಮೆಂಟ್ ಮೆತ್ತಬಹುದು. ನಲವತ್ತು ವರ್ಷ ಅಪ್ಪನ ಕೆನ್ನೆ ತಾಗಿ ನುಣುಪಾದ ಮರ ಸೀಳಿದ್ರೆ ಏನು ಮಾಡೋದು?

ವಿಷಯ ಇಷ್ಟೇ. ಹೋದ ವರ್ಷ ಅಪ್ಪನಿಗೆ ಸ್ಟ್ರೋಕ್ ಆಯ್ತು. ನಡೀತಾರೆ, ಮಾತಾಡ್ತಾರೆ, ಕಾಫಿ ತೋಟಕ್ಕೂ ಒಂದು ಸುತ್ತು ಹಾಕ್ತಾರೆ. ಆದರೆ ಎಡಗೈಯಲ್ಲಿ ಬಲವಿಲ್ಲ, ಕೋವಿ ಎತ್ತಿ ಹಿಡಿಯೋಕಾಗಲ್ಲ. ನಮ್ಮ ಕೊಡಗಿನಲ್ಲಿ ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್. ನಾಟಿ ಕೆಲಸ ಮುಗಿದ ಮೇಲೆ ಬರುವ ಆಯುಧಗಳ ಹಬ್ಬ. ಕೋವಿಗೆ ತೋಕ್‌ಪೂ ಇಟ್ಟು ಪೂಜೆ, ಕಡಂಬುಟ್ಟು-ಪಂದಿಕರಿ, ಆಮೇಲೆ ತೆಂಗಿನಕಾಯಿಗೆ ಗುಂಡು. "ಈ ಸಲ ನಾನು ನೋಡ್ತೀನಿ, ನೀವು ಹೊಡೀರಿ" ಅಂದುಬಿಟ್ಟರು ಅಪ್ಪ. ಆ ಮಾತು ನನಗೆ ಜೀರ್ಣವಾಗಲಿಲ್ಲ.

ಬೈಪಾಡ್ ಅಂದ್ರೆ ಕೋವಿಯ ಮುಂದಿನ ಭಾಗಕ್ಕೆ ಹಾಕುವ ಎರಡು ಕಾಲು. ಅದನ್ನು ಕಚ್ಚಿಸೋಕೆ ಮರದ ಅಡಿಗೆ ಒಂದು ರೈಲ್ ಬೇಕು. ಮೊದಲು ತರಿಸಿದ ರೈಲ್‌ಗೆ ಬೈಪಾಡ್ ಕೂರಲೇ ಇಲ್ಲ! ಆಮೇಲೆ ಗೊತ್ತಾಯ್ತು, ಅದು ವೀವರ್ ರೈಲ್, ಅದರ ಗಾಡಿ ಸುಮಾರು 4.57 ಮಿ.ಮೀ. ಅಗಲ. ಬೈಪಾಡ್ ಪಿಕಟಿನಿ ರೈಲ್‌ಗೆ ಮಾಡಿದ್ದು, ಅದರ ಗಾಡಿ 5.23 ಮಿ.ಮೀ. ಅಮೆರಿಕದ ಸೈನ್ಯ 1995ರಲ್ಲಿ ಈ ಅಳತೆಯನ್ನು ನಿಗದಿ ಮಾಡಿತಂತೆ. ಮುಕ್ಕಾಲು ಮಿಲಿಮೀಟರ್‌ಗೂ ಕಮ್ಮಿ ವ್ಯತ್ಯಾಸಕ್ಕೆ ನನ್ನ ಒಂದು ವಾರ ಹೋಯ್ತು :-)

ಬೋಲ್ಟ್ ತೆಗೆದು, ಗುಂಡಿಲ್ಲ ಅಂತ ಎರಡು ಸಲ ನೋಡಿ, ಬೆರಳಿಟ್ಟೂ ನೋಡಿ, ನಳಿಗೆಯನ್ನು ಮರದಿಂದ ಬೇರೆ ಮಾಡಿದೆ. ನಡುಗೆರೆ ಸಿಗೋಕೆ ಸುಲಭ ಉಪಾಯ: ಒಂದು ಕಾಗದದ ಪಟ್ಟಿಯನ್ನು ಮರದ ಈ ಅಂಚಿಂದ ಆ ಅಂಚಿಗೆ ಅಡಿಯಿಂದ ಸುತ್ತಿ, ಅಷ್ಟೇ ಉದ್ದಕ್ಕೆ ಕತ್ತರಿಸಿ, ಅರ್ಧಕ್ಕೆ ಮಡಚೋದು. ಮಡಿಕೆ ಬಂದಲ್ಲಿ ನಡು. ಮರಕ್ಕೆ ಟೇಪ್ ಅಂಟಿಸಿ ಗುರುತು ಹಾಕಿದೆ. ಒಳಗಡೆ ಒಂದು ರೀಪರ್ ತುಂಡು ಒತ್ತಿ ಕಟ್ಟಿದೆ, ಡ್ರಿಲ್ ಆಚೆ ಬರುವಾಗ ಮರ ಸೀಳಬಾರದಲ್ಲ.

ಅಪ್ಪ ಜಗಲಿಯಲ್ಲಿ ಪೇಪರ್ ಓದ್ತಾ ಕೂತಿದ್ದರು. ಡ್ರಿಲ್ ಸದ್ದು ಶುರುವಾದ ಮೇಲೆ ಪುಟ ತಿರುಗಲಿಲ್ಲ.

ಮರದ ಸ್ಕ್ರೂ ಹಾಕಿದ್ರೆ ಕಾಲಕ್ರಮೇಣ ಕಿತ್ತು ಬರುತ್ತೆ. ಹಾಗಾಗಿ ಒಳಗಡೆ ನಟ್ ಹುದುಗುವಷ್ಟು ಗುಳಿ ತೋಡಿ, ಹೊರಗಿಂದ ಬೋಲ್ಟ್ ಹಾಕಿದೆ. ಬೋಲ್ಟ್ ತುದಿ ನಳಿಗೆಗೆ ತಾಗದ ಹಾಗೆ ಗರಗಸದಲ್ಲಿ ಕತ್ತರಿಸಿದೆ. ರೈಲಿನ ತಳ ಚಪ್ಪಟೆ, ಮರ ಉಬ್ಬು. ಆ ಸಂದಿಗೆ ಅರಾಲ್ಡೈಟ್ ತುಂಬಿ, ರೈಲಿಗೆ ಮಾತ್ರ ಬೂಟ್ ಪಾಲಿಶ್ ಸವರಿದೆ, ನಾಳೆ ಬೇಡ ಅಂದ್ರೆ ಬಿಚ್ಚಬಹುದು. ಒಂದು ದಿನ ಒಣಗಲು ಬಿಟ್ಟೆ.

ಸೆಪ್ಟೆಂಬರ್ 1ಕ್ಕೆ ಮನೆ ಹಿಂದಿನ ಎತ್ತರದ ಮಣ್ಣಿನ ಬರೆಗೆ ರಟ್ಟು ಒರಗಿಸಿ ನಾನೇ ಹೊಡೆದು ನೋಡಿದೆ. ಗುಂಡುಗಳು ಚೆದುರಿ ಬಿದ್ದವು! ಹಿಂದೆಲ್ಲ ಒಂದು ರೂಪಾಯಿ ನಾಣ್ಯದೊಳಗೆ ಬೀಳ್ತಿದ್ದ ಕೋವಿ ಅದು. ನಾನೇ ಹಾಳು ಮಾಡಿದೆ ಅಂತ ಹೊಟ್ಟೆ ತೊಳಸಿತು.

ಅಪ್ಪ ಬಂದು ಏನೂ ಬೈಯಲಿಲ್ಲ. ಜೇಬಿಂದ ಹತ್ತು ರೂಪಾಯಿ ನೋಟು ತೆಗೆದು ನಳಿಗೆಗೂ ಮರಕ್ಕೂ ನಡುವೆ ತೂರಿಸಿದರು. ಸಲೀಸಾಗಿ ಹೋಯ್ತು. "ಈಗ ಕಾಲಿನ ಮೇಲೆ ಭಾರ ಹಾಕು" ಅಂದರು. ಹಾಕಿದೆ. ನೋಟು ಸಿಕ್ಕಿಕೊಂಡಿತು. ಬೈಪಾಡ್ ಮೇಲೆ ಭಾರ ಬಿದ್ದಾಗ ಮರ ಬಾಗಿ ನಳಿಗೆಗೆ ತಾಗ್ತಿತ್ತು. ತಾಗಿದ ನಳಿಗೆ ಪ್ರತಿ ಗುಂಡಿಗೂ ಒಂದೇ ಥರ ಅದುರಲ್ಲ. ಭಾರ ಸ್ವಲ್ಪ ಆಚೀಚೆ ಆದ್ರೂ ಗುರಿ ಬೇರೆ.

ಒಂದು ಪೈಪಿಗೆ ಉಪ್ಪು ಕಾಗದ ಸುತ್ತಿ ಮರದ ಒಳಗನ್ನು ಉಜ್ಜಿದೆವು. ನಾನು ಉಜ್ಜೋದು, ಅವರು ನೋಟು ತೂರಿಸಿ "ಇನ್ನೂ" ಅನ್ನೋದು. ಕೊನೆಗೆ ಅಗಸೆ ಎಣ್ಣೆ ಹಚ್ಚಿದೆವು, ನಮ್ಮ ಮಳೆಗೆ ಹಸಿ ಮರ ಉಬ್ಬದೇ ಇರುತ್ತಾ? ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಟ್ಟಿಗೆ ಕೂತು ಮಾಡಿದ ಕೆಲಸ ಅದು.

ಹಬ್ಬದ ದಿನ ಕಾಯಿಯನ್ನು ಮರದ ತುದಿಗೆ ಕಟ್ಟಲಿಲ್ಲ, ಬರೆಯ ಬುಡದಲ್ಲೇ ಇಟ್ಟೆವು. ಅಪ್ಪ ಮೇಜಿನ ಮುಂದೆ ಕುರ್ಚಿ ಹಾಕಿ ಕೂತರು. "ಇದೇನು, ಆಫೀಸಿನಲ್ಲಿ ಸಹಿ ಹಾಕೋ ಹಾಗೆ" ಅಂತ ಗೊಣಗಿದರು. ಮೊದಲ ಎರಡು ಗುಂಡು ಮಣ್ಣಿಗೆ. ಮೂರನೆಯದಕ್ಕೆ ಕಾಯಿಂದ ನೀರು ಚಿಮ್ಮಿತು. ಅವ್ವ ಒಳಗೆ ಹೋಗಿಬಿಟ್ಟರು, ಕಡಂಬುಟ್ಟು ನೋಡೋಕಂತೆ.

ನಮಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರಕಾರ 2029ರ ತನಕ ವಿಸ್ತರಿಸಿತ್ತು. ಸಂಜೆ ಕೋವಿ ಒರೆಸ್ತಾ ಅಪ್ಪ ಬೆರಳೆಣಿಸಿ, "ಅಲ್ಲಿ ತನಕ ನಾನೂ ಇರ್ತೀನಿ ಬಿಡು" ಅಂದರು. ಆಮೇಲೆ ರೈಲ್ ಮೇಲೆ ಬೆರಳಾಡಿಸಿ, "ಒಂದು ನೂಲು ಎಡಕ್ಕೆ ಹೋಗಿದೆ" ಅಂದರು.

ಹೌದು, ಹೋಗಿದೆ. ಅಳೆದು ನೋಡಿದೆ.